ಹದಿನೇಳನೇ ನಂಬರಿನ ಜೋಡು ಕೋವಿ

ಒಂದು ಮನೆ ಖಾಲಿ ಉಳಿದದ್ದೇ ಇಷ್ಟಕ್ಕೆಲ್ಲ ಕಾರಣ. ಮನೆ ಎಂದರೆ ಜನ ಇರುವ ಮನೆಯಲ್ಲ; ಕಾಗದದ ಮೇಲೆ ರೂಲುದೊಣ್ಣೆ ಇಟ್ಟು ಗೆರೆ ಎಳೆದು ಮಾಡಿದ, ಹೆಬ್ಬೆರಳ ಉಗುರಿನಷ್ಟು ಅಗಲದ ಮನೆ. ಹೊಸದುರ್ಗದ ಹಂಗಾಮಿ ಗುಮಾಸ್ತ ಏಕಾಂತಪ್ಪ ಬೆಳಗಾಗುತ್ತಲೇ ಕಚೇರಿಗೆ ಬಂದು, ಹಲ್ಲುನೋವಿನವನು ನೋಯುವ ಹಲ್ಲನ್ನೇ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುವಂತೆ, ಆ ಖಾಲಿ ಮನೆಯನ್ನೇ ನೋಡುತ್ತ ಕುಳಿತಿದ್ದ.

ಅದು ಕೀಲಕ ಸಂವತ್ಸರದ ಮಾಘ ಮಾಸ. ಹೊಸದಾಗಿ ಬಂದಿದ್ದ ಅಸಿಸ್ಟೆಂಟ್ ಕಮಿಷನರ್ ಸಾಹೇಬರಿಗೆ ಎರಡು ಗೀಳು. ಒಂದು ಕಾನೂನು, ಇನ್ನೊಂದು ಹಳೆಯ ಕೋವಿ. ಐವತ್ತು ಅರವತ್ತು ವರ್ಷದ ಹಿಂದೆ ಲಂಡನ್ನಿನಿಂದ ಬಂದ ಜೋಡು ಕೋವಿಗಳು ಈ ಸೀಮೆಯಲ್ಲಿ ಎಷ್ಟಿದ್ದವು, ಈಗ ಎಲ್ಲಿವೆ ಎಂದು ಪಟ್ಟಿ ಮಾಡಿಸುತ್ತಿದ್ದರು. ಒಂದೇ ಮರದ ಹಿಡಿಗೆ ಎರಡು ನಳಿಗೆ, ಎರಡು ನಳಿಗೆಗೆ ಎರಡು ಕುದುರೆ. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಹಿಂಬದಿಯ ಸಣ್ಣ ತೂತಿನ ಮೇಲೆ ಕಿಡಿ ಹಾರಿಸುವ ಕೇಪು ಇಟ್ಟು, ಕುದುರೆ ಎಂಬ ಕಬ್ಬಿಣದ ಸುತ್ತಿಗೆಯನ್ನು ಅದರ ಮೇಲೆ ಬಡಿಸಿ ಹಾರಿಸುವ ಕಾಲದ ಕೋವಿಗಳು. ನಾಲ್ಕು ತಾಲ್ಲೂಕಿನಲ್ಲಿ ಅಂಥವು ನಾಲ್ಕೇ ಇದ್ದವು. ಹೊಳಲ್ಕೆರೆಯದು ಬಾವಿಗೆ ಬಿದ್ದಿತ್ತು. ಹಿರಿಯೂರಿನದು ಒಂದು ಮದುವೆ ಮೆರವಣಿಗೆಯಲ್ಲಿ ಸಿಡಿದು, ಮದುಮಗನ ಪೇಟವನ್ನೂ ಕರೆದುಕೊಂಡು ಹೋಗಿತ್ತು. ಚಿತ್ರದುರ್ಗದ್ದನ್ನು ಅದರ ಒಡೆಯ ಬಳ್ಳಾರಿಯವನೊಬ್ಬನಿಗೆ ಮಾರಿದ್ದ. ಉಳಿದದ್ದು ಹೊಸದುರ್ಗದ ರಿಜಿಸ್ಟರಿನ ಹದಿನೇಳನೇ ನಂಬರು: ಕೆಂಚನಹಟ್ಟಿಯ ಪಟೇಲ ಎತ್ತಪ್ಪನ ಜೋಡು ಕೋವಿ, ನಳಿಗೆಗಳ ಮೇಲೆ ಚಿನ್ನದ ಬಳ್ಳಿ. ಎತ್ತಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕೋವಿ ಏನಾಯಿತೆಂದು ಯಾರೂ ಬರೆದಿರಲಿಲ್ಲ.

ಪಟ್ಟಿಯಲ್ಲಿ ಮೂರೇ ಕಾಲಂ. ಹಾಜರು, ಮಾರಾಟ, ನಷ್ಟ. ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಸಂಜೆ ನಾಲ್ಕಕ್ಕೆ ಸಾಹೇಬರು ಊರ ಹೊರಗಿನ ಬಂಗಲೆಗೆ ಬಂದು ಪಟ್ಟಿ ನೋಡುವವರು. ಏಕಾಂತಪ್ಪನನ್ನು ಖಾಯಂ ಮಾಡುವ ಹುಕುಂ ಕೂಡ ಅವರ ಪೆಟ್ಟಿಗೆಯಲ್ಲೇ ಇತ್ತು. ಸಹಿ ಒಂದೇ ಬಾಕಿ. ಪಟ್ಟಿ ಪೂರ್ತಿಯಾಗಿದ್ದರೆ ಇವತ್ತೇ ಸಹಿ ಎಂದು ಹೇಳಿ ಕಳಿಸಿದ್ದರು. ಏಕಾಂತಪ್ಪ ಹಂಗಾಮಿಯಾಗಿ ಸೇರಿ ಹನ್ನೊಂದು ವರ್ಷ. ಊರಿನಲ್ಲಿ ಅವನ ಹೆಂಡತಿಯನ್ನು ಸಹ ‘ಹಂಗಾಮಿ ಅನ್ನಪೂರ್ಣಮ್ಮ’ ಎಂದು ಕರೆಯುವಷ್ಟು ಆ ಹುದ್ದೆ ಹಳತಾಗಿತ್ತು.

ಶಿರಸ್ತೇದಾರ ಮುರುಗಪ್ಪ ಎಲೆ ಅಡಕೆ ಮೆಲ್ಲುತ್ತ ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಬೇರೆಯವರ ಕಾಗದ ನೋಡುವುದೆಂದರೆ ಅವರಿಗೆ ಬೇರೆಯವರ ಮನೆಯ ಊಟದಷ್ಟು ಇಷ್ಟ.

"ಏನಪ್ಪ ಏಕಾಂತಪ್ಪ, ಆ ಮನಿ ಕಾಯಾಕೆ ಕುಂತೀಯೇನು? ಅದಕ್ಕೆ ಕಳ್ಳರು ಬರಲ್ಲ ಬಿಡು."

"ಹದಿನೇಳನೇದು ಏನಾತು ಅಂತ ಗೊತ್ತಾಗವಲ್ದು ಶಿರಸ್ತೇದಾರ್ರೆ."

"ನಷ್ಟ ಅಂತ ಬರಿ. ಮುಗೀತು."

"ನಷ್ಟ ಆಗೈತೆ ಅಂತ ಯಾರು ಹೇಳಿದ್ರು?"

"ಯಾರು ಹೇಳಬೇಕು? ಕೋವಿನೇ ಬಂದು ಹೇಳ್ತೈತಾ, ನಾನು ನಷ್ಟ ಆಗೀನಿ ಅಂತ?"

"ನೋಡದೆ ಹೆಂಗೆ ಬರೀಲಿ? ಎರಡು ಹರದಾರಿ ದಾರಿ. ಗಾಡಿ ಮಾಡ್ಕೊಂಡು ಹೋಗಿ ಬಂದುಬಿಡ್ತೀನಿ."

ಮುರುಗಪ್ಪ ಕಿಟಕಿಯಾಚೆ ಉಗುಳಿ ಬಂದು, "ನೀನು ಹಂಗಾಮಿ ಯಾಕೆ ಆಗೀಯ ಅಂತ ನನಗೆ ಇವತ್ತು ತಿಳೀತು ನೋಡು" ಎಂದರು.

ಏಕಾಂತಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಆಗಲೇ ಹೊರಟಿದ್ದ. ಹನ್ನೊಂದು ವರ್ಷ ಇಡೀ ತಾಲ್ಲೂಕಿನ ಕೋವಿಗಳ ನಂಬರು, ಉದ್ದ, ಒಡೆಯ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರೂ ಅವನು ಒಂದು ಕೋವಿಯನ್ನೂ ಕೈಯಿಂದ ಮುಟ್ಟಿದವನಲ್ಲ. ಚಿನ್ನದ ಬಳ್ಳಿ ಹೇಗಿರುತ್ತದೆಂದು ನೋಡುವ ಆಸೆ ಅವನಿಗೆ ಖಾಯಂ ಹುಕುಮಿನ ಆಸೆಗಿಂತ ಒಂದು ಗುಂಜಿಯಷ್ಟೇ ಕಡಿಮೆ ಇತ್ತು.

ಕೆಂಚನಹಟ್ಟಿಯಲ್ಲಿ ಪಟೇಲರ ಮನೆ ಕೇಳುವುದೇ ಬೇಕಾಗಲಿಲ್ಲ. ದೊಡ್ಡ ಮಣ್ಣಿನ ಮಾಳಿಗೆಯ ಮನೆ. ಒಂದೇ ಮನೆಗೆ ಪಕ್ಕಪಕ್ಕದಲ್ಲಿ ಎರಡು ಬಾಗಿಲು. ಅಂಗಳದ ನಡುವೆ ಎದೆಯೆತ್ತರದ ಗೋಡೆ ಹೊರಟು, ಜಗುಲಿ ಹತ್ತಿ, ಪಡಸಾಲೆ ದಾಟಿ, ಹಿತ್ತಲಿನ ತನಕ ಹೋಗಿತ್ತು. ದಾರಿಯಲ್ಲಿ ಒರಳುಕಲ್ಲು ಅಡ್ಡ ಬಂದಿದ್ದರಿಂದ ಅದರ ಮೇಲೂ ಹಾದಿತ್ತು; ಈಗ ಯಾರೂ ಅದರಲ್ಲಿ ರುಬ್ಬುವಂತಿರಲಿಲ್ಲ, ಆದರೆ ಇಬ್ಬರಿಗೂ ಸಮಪಾಲು ಬಂದಿತ್ತು.

ಎಡಬಾಗಿಲಿನ ಜಗುಲಿಯ ಮೇಲೆ ಎತ್ತಪ್ಪನ ಹಿರಿಯ ಮಗ ಉಗ್ರಪ್ಪ ಹಗ್ಗ ಹೊಸೆಯುತ್ತಿದ್ದ.

"ಬರ್ರಿ ಗುಮಾಸ್ತರೆ, ಕುಂತ್ಕಳ್ರಿ. ಏನು ಇಷ್ಟು ದೂರ?"

"ನಿಮ್ಮ ತಂದೆಯೋರ ಜೋಡು ಕೋವಿ ಐತೇನ್ರಿ?"

"ಐತೆ."

ಏಕಾಂತಪ್ಪನ ಮುಖ ಅರಳಿತು. ಇಷ್ಟು ಸುಲಭವೆಂದು ಅವನು ಎಣಿಸಿರಲಿಲ್ಲ. "ಎಲ್ಲಿ, ತೋರಿಸ್ರಿ ನೋಡಾಣ" ಎಂದು ಪಟ್ಟಿ ಬಿಚ್ಚಿ, ‘ಹಾಜರು’ ಕಾಲಮ್ಮಿನ ಮೇಲೆ ಲೇಖನಿ ಹಿಡಿದ.

"ಅರ್ಧ ಐತೆ" ಎಂದ ಉಗ್ರಪ್ಪ.

"ಅರ್ಧ ಅಂದ್ರೆ?"

"ಅರ್ಧ ಅಂದ್ರೆ ಅರ್ಧ ಕಣ್ರಿ. ಪಾಲಾದಾಗ ಅರ್ಧ ನನಗೆ ಬಂತು. ಇನ್ನರ್ಧ ಆ ಕಡೆಗೆ ಹೋತು." ‘ಆ ಕಡೆ’ ಎನ್ನುವಾಗ ಅವನು ಗೋಡೆಯನ್ನು ಗದ್ದದಿಂದ ತೋರಿಸಿದ, ಕೈಯೆತ್ತುವ ಮರ್ಯಾದೆಯನ್ನೂ ಕೊಡಲಿಲ್ಲ.

ನಡೆದದ್ದು ಇಷ್ಟು. ಎತ್ತಪ್ಪ ಸತ್ತ ವರ್ಷವೇ ಅಣ್ಣತಮ್ಮ ಬೇರೆಯಾದರು. ಎತ್ತು, ಕುರಿ, ಕೊಡ, ಗುದ್ದಲಿ ಎಲ್ಲ ಸಮನಾಗಿ ಹಂಚಿ ಕೊನೆಗೆ ಕೋವಿ ಉಳಿಯಿತು. ಇಬ್ಬರೂ ಬಿಡಲೊಲ್ಲರು. ಪಂಚರು ಒಂದು ಹಗಲು ತಲೆ ಕೆರೆದುಕೊಂಡು, ಕೋವಿಯನ್ನು ತಿರುವಿ ತಿರುವಿ ನೋಡಿ, ಎರಡು ನಳಿಗೆ ಇದೆ, ಎರಡು ಕುದುರೆ ಇದೆ, ಇದು ಪಾಲು ಮಾಡಲೆಂದೇ ಮಾಡಿದ ಕೋವಿ ಎಂದು ತೀರ್ಮಾನಿಸಿದರು. ಊರ ಕಮ್ಮಾರ ವೀರಾಚಾರಿ ಕುಲುಮೆಯಲ್ಲಿ ಕಾಯಿಸಿ ಬೆಸುಗೆ ಬಿಡಿಸಿದ. ಬಲಗಡೆಯದು ಅಣ್ಣನಿಗೆ, ಎಡಗಡೆಯದು ತಮ್ಮನಿಗೆ. ಮರದ ಹಿಡಿಯನ್ನು ಮಾತ್ರ ಸೀಳಲಾಗದೆ ತಾಯಿಗೆ ಕೊಟ್ಟರು.

"ನಿಮ್ಮ ನಳಿಗಿ ಎಲ್ಲೈತೆ?" ಏಕಾಂತಪ್ಪನ ದನಿ ಸಣ್ಣಗಾಗಿತ್ತು.

"ಒಲಿ ಮುಂದೆ ಐತೆ. ಬಸಮ್ಮಾ, ಊದುಗೊಳವಿ ತಾರೇ."

ಉಗ್ರಪ್ಪನ ಹೆಂಡತಿ ಬಸಮ್ಮ ಮಸಿ ಹಿಡಿದ ಕಬ್ಬಿಣದ ಕೊಳವೆಯೊಂದನ್ನು ಹಿಡಿದು ಬಂದಳು. ಆದರೆ ಕೈಬಿಡಲಿಲ್ಲ. "ನೋಡಿ ಕೊಟ್ಟುಬಿಡ್ರಿ. ಇಂಥ ಗೊಳವಿ ಈ ಊರಾಗೆ ಯಾರ ಮನ್ಯಾಗೂ ಇಲ್ಲ. ಹಸಿ ಸೌದೀನೂ ಹೂಂ ಅಂದು ಹತ್ಕಂತೈತೆ."

ಏಕಾಂತಪ್ಪ ಅವಳ ಕೈಯಲ್ಲಿದ್ದಂತೆಯೇ ಬಗ್ಗಿ ನೋಡಿದ. ಅವನಿಗೆ ಕಾರಣ ಹೊಳೆಯಿತು. ಗುಂಡು ಹೊರಬರುವ ಅಗಲ ಬಾಯಿಗೆ ತುಟಿಯಿಟ್ಟು ಊದಿದರೆ, ಅಷ್ಟೂ ಉಸಿರು ಹಿಂಬದಿಯಲ್ಲಿ ಕೇಪು ಕೂರುವ ಸೂಜಿಯಂಥ ತೂತಿನಿಂದಲೇ ನುಗ್ಗಬೇಕು. ಕೆಂಡಕ್ಕೆ ಅದಕ್ಕಿಂತ ಹರಿತವಾದ ಗಾಳಿ ಬೇಡ. ಲಂಡನ್ನಿನ ಯಾವ ಕುಶಲಗಾರನೂ ಕನಸಿನಲ್ಲಿ ಕಾಣದ ಉಪಯೋಗ! ಅವನು ಹೆಗಲ ಮೇಲಿನ ವಲ್ಲಿಯ ತುದಿಯಿಂದ ಮಸಿ ಒರೆಸಿದ. ಕೆಳಗೆ ಕೂದಲೆಳೆಯಷ್ಟು ಸಣ್ಣ ಚಿನ್ನದ ಬಳ್ಳಿ ಮಿನುಗಿತು. ಅರ್ಧ ಎಲೆ, ಅರ್ಧ ಹೂವು. ಅಲ್ಲಿಗೆ ಬಳ್ಳಿ ಕತ್ತರಿಸಿದಂತೆ ನಿಂತಿತ್ತು. ಬಲಗಡೆಯ ಕುದುರೆ ಉಗ್ರಪ್ಪನ ಎಲೆಚೀಲದಿಂದಲೇ ಹೊರಬಂತು. ಅದರಿಂದ ಅವನು ಅಡಕೆ ಒಡೆಯುತ್ತಿದ್ದ.

"ಇನ್ನರ್ಧ ಬಳ್ಳಿ..." ಎಂದು ಏಕಾಂತಪ್ಪ ಗೋಡೆಯ ಕಡೆ ತಿರುಗಿದರೆ, ಗೋಡೆಯ ಮೇಲೆ ಒಂದು ತಲೆ ಆಗಲೇ ಕೂತಿತ್ತು.

"ನನ್ನ ಕಡೆಗೂ ಬರ್ರಿ ಸ್ವಾಮಿ. ಒಂದೇ ಕಡೆ ಮಾತು ಕೇಳಿ ಹೋಗಬ್ಯಾಡ್ರಿ" ಎಂದಿತು ತಲೆ. ಅದು ತಮ್ಮ ಓಬಯ್ಯನದು.

ಗೋಡೆ ಹಾರುವಂತಿಲ್ಲ. ಏಕಾಂತಪ್ಪ ಬೀದಿಗೆ ಇಳಿದು, ಹತ್ತು ಹೆಜ್ಜೆ ನಡೆದು, ಇನ್ನೊಂದು ಬಾಗಿಲಿಂದ ಅದೇ ಮನೆಗೆ ಮತ್ತೆ ಬಂದ.

"ನಿಮ್ಮ ನಳಿಗಿ?"

ಓಬಯ್ಯ ಮೇಲೆ ತೋರಿಸಿದ. ಮಾಳಿಗೆಯ ಅಂಚಿನಿಂದ, ಅಣ್ಣನ ಅಂಗಳದ ನೆತ್ತಿಗೆ ಸರಿಯಾಗಿ ಗುರಿಯಿಟ್ಟುಕೊಂಡು, ಕೋವಿಯ ನಳಿಗೆ ಮಳೆನೀರಿನ ಕೊಳವೆಯಾಗಿ ಚಾಚಿಕೊಂಡಿತ್ತು.

"ಅಣ್ಣಂದು ದಿನಾ ಹಾರ್ತೈತೆ. ನಂದು ಮಳೆಗಾಲದಾಗೆ ಮಾತ್ರ" ಎಂದ ಓಬಯ್ಯ.

"ಕೇಳಿದ್ರಾ ಗುಮಾಸ್ತರೆ?" ಗೋಡೆಯಾಚೆಯಿಂದ ಉಗ್ರಪ್ಪ ಕೂಗಿದ. "ಅವನ ಮಾಳಿಗಿ ನೀರೆಲ್ಲ ನನ್ನ ಅಂಗಳಕ್ಕೆ! ಹನ್ನೆರಡು ವರ್ಷ ಆತು, ಮಳಿ ಬಂದಾಗೆಲ್ಲ ನನ್ನ ಮೇಲೆ ಕೋವಿ ಹಿಡಿದು ಕುಂತಾನೆ!"

"ಅದು ಬಿಡ್ರಿ" ಎಂದ ಓಬಯ್ಯ ಸಮಾಧಾನವಾಗಿ. "ಕುದುರೆ ಬೇಕಾದ್ರೆ ಕೊಟ್ಟಿಗ್ಯಾಗೈತೆ."

"ಕುದುರೆ ಬ್ಯಾಡ್ರಿ. ನಾನು ಗಾಡ್ಯಾಗೇ ಬಂದೀನಿ."

ಓಬಯ್ಯ ಅವನನ್ನು ಅನುಕಂಪದಿಂದ ನೋಡಿ, ಕೊಟ್ಟಿಗೆಯ ಬಾಗಿಲಿಗೆ ಕರೆದೊಯ್ದ. ಎಡಗಡೆಯ ಕುದುರೆ ಅಲ್ಲಿ ಚಿಲಕವಾಗಿತ್ತು. ಬಾಗಿಲು ಮುಚ್ಚಿದರೆ ಚಿಲಕ ಟಪ್ಪನೆ ಬೀಳುತ್ತಿತ್ತು. ದನ ಎಷ್ಟು ಗುದ್ದಿದರೂ ತೆರೆಯುತ್ತಿರಲಿಲ್ಲ.

ಉಳಿದದ್ದು ಮರದ ಹಿಡಿ. ಅದು ತಾನಾಗಿಯೇ ನಡೆದು ಬಂತು. ತಾಯಿ ಗಂಗಕ್ಕ ಅದರ ತುದಿಗೆ ಬಿದಿರು ಕಟ್ಟಿಸಿ, ಭುಜಕ್ಕೆ ಒತ್ತಿ ಹಿಡಿಯುವ ಅಗಲವಾದ ಭಾಗವನ್ನು ಕಂಕುಳಿಗೆ ಕೊಟ್ಟು ಊರುಗೋಲು ಮಾಡಿಕೊಂಡಿದ್ದಳು. ತಿಂಗಳು ಅಣ್ಣನ ಕಡೆ, ತಿಂಗಳು ತಮ್ಮನ ಕಡೆ ಇರುವ ಆಕೆಗೆ ಗೋಡೆ ಸುತ್ತಿ ಬರಲು ಅದೇ ಆಧಾರ.

"ಏನಪ್ಪ, ನನ್ನ ಗಂಡನ ಕೋವಿ ಕೇಳ್ಕೊಂಡು ಬಂದೆಯಂತೆ? ಬದುಕಿದ್ದಾಗ ಒಂದು ದಿನ ಮುಟ್ಟಗೊಡಲಿಲ್ಲ. ಈಗ ನೋಡು, ಹೆಗಲಿಗೆ ಹೆಗಲು ಕೊಡ್ತಾನೆ."

ಏಕಾಂತಪ್ಪ ಜಗುಲಿಯ ಮೇಲೆ ಕುಳಿತು, ಒಂದು ಕಾಗದದ ಮೇಲೆ ಎಲ್ಲವನ್ನೂ ಚಿತ್ರ ಬರೆದು ನಂಬರು ಹಾಕಿದ. ನಳಿಗೆ ಎರಡು, ಕುದುರೆ ಎರಡು, ಹಿಡಿ ಒಂದು. ಏನೂ ಕಳೆದಿಲ್ಲ, ಆದ್ದರಿಂದ ‘ನಷ್ಟ’ ಎನ್ನುವಂತಿಲ್ಲ. ಯಾರೂ ಮಾರಿಲ್ಲ. ಹಾಗೆಂದು ‘ಹಾಜರು’ ಎನ್ನೋಣವೆಂದರೆ, ಇರುವುದು ಊದುಗೊಳವೆ, ನೀರಿನ ಕೊಳವೆ, ಅಡಕೆ ಒಡೆಯುವ ಕಬ್ಬಿಣ, ಚಿಲಕ ಮತ್ತು ಊರುಗೋಲು. ಎಲ್ಲ ಇದೆ, ಕೋವಿ ಮಾತ್ರ ಇಲ್ಲ. ಹಾಗಾದರೆ ಕೋವಿ ಎನ್ನುವುದು ಎಲ್ಲಿತ್ತು? ಬೇರೆ ದಿನವಾಗಿದ್ದರೆ ಏಕಾಂತಪ್ಪ ಈ ಪ್ರಶ್ನೆಯನ್ನೇ ಹಿಡಿದು ಸಂಜೆಯವರೆಗೆ ಸುಖವಾಗಿ ಕೂತಿರುತ್ತಿದ್ದ. ಆದರೆ ನೆತ್ತಿಗೆ ಬಿಸಿಲೇರುತ್ತಿತ್ತು.

ಅಷ್ಟರಲ್ಲಿ ಊರೆಲ್ಲ ಸೇರಿತ್ತು. ಗುಂಪಿನಿಂದ ಕಮ್ಮಾರ ವೀರಾಚಾರಿ ಮುಂದೆ ಬಂದ.

"ಇದಕ್ಯಾಕೆ ಇಷ್ಟು ಚಿಂತಿ ಮಾಡ್ತೀರಿ ಸ್ವಾಮಿ? ಬಿಡಿಸಿದೋನು ನಾನೇ. ಕೂಡಿಸೋನೂ ನಾನೇ. ಎಲ್ಡು ತಾಸು ಕೊಡ್ರಿ."

ಏಕಾಂತಪ್ಪ ಪಟ್ಟಿ ನೋಡಿಕೊಂಡ. ಕೂಡಿಸಿದರೆ ‘ಹಾಜರು’. ಹಾಜರಾದರೆ ಖಾಯಂ. ಅದಕ್ಕಿಂತ ಹೆಚ್ಚಾಗಿ, ಆ ಅರ್ಧ ಬಳ್ಳಿಗೆ ಇನ್ನರ್ಧ ಸೇರಿದರೆ ಹೇಗೆ ಕಾಣುತ್ತದೆ? "ಕೂಡಿಸ್ರಿ" ಎಂದುಬಿಟ್ಟ.

ಆದರೆ ಪಾಲುದಾರರು ಒಪ್ಪಬೇಕಲ್ಲ. ಬಸಮ್ಮ, "ಸಂಜಿ ರಾಗಿಮುದ್ದಿಗೆ ಒಲಿ ಹಚ್ಚಬೇಕು, ನನ್ನ ಗೊಳವಿ ಎಲ್ಲಿ ಹೋಗುತೈತೋ ನಾನೂ ಅಲ್ಲಿಗೇ" ಎಂದಳು. ಹೆಂಡತಿ ಹೋದರೆ ತಾನು ಬಿಡುವುದುಂಟೆ ಎಂದು ಉಗ್ರಪ್ಪ ಎದ್ದ. ಅವನು ಎದ್ದದ್ದು ನೋಡಿ ಓಬಯ್ಯನೂ ಎದ್ದ. ಗಂಗಕ್ಕ, "ನನಗಂತೂ ಕೋಲಿಲ್ಲದೆ ಹೆಜ್ಜಿ ಏಳಲ್ಲ. ನೀನೇ ಎತ್ಕೊಂಡು ಹೋಗಪ್ಪ" ಎಂದು ಕೈ ಚಾಚಿದಳು. ಹೀಗೆ ಏಕಾಂತಪ್ಪ ಎತ್ತಪ್ಪನ ಕೋವಿಯನ್ನು ಹುಡುಕಲು ಬಂದವನು ಎತ್ತಪ್ಪನ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಕುಲುಮೆಗೆ ನಡೆದ.

ಕುಲುಮೆಯಲ್ಲಿ ವೀರಾಚಾರಿ ಒಬ್ಬ ಕೆಲಸ ಮಾಡಿದ, ನಲವತ್ತು ಜನ ಸಲಹೆ ಕೊಟ್ಟರು. ಮೇಲಕ್ಕೆ ಹಿಡಿ, ಕೆಳಕ್ಕೆ ಹಿಡಿ, ಬಳ್ಳಿ ಹೊರಗೆ ಬರಲಿ, ಒಳಗೆ ಹೋಗಲಿ. ಏಕಾಂತಪ್ಪ ತನ್ನ ಚಿತ್ರವನ್ನು ಧ್ವಜದಂತೆ ಎತ್ತಿ ಹಿಡಿದು ನಂಬರು ಕೂಗುತ್ತಿದ್ದ. ತೊಡಕು ಬಂದದ್ದು ಓಬಯ್ಯನ ನಳಿಗೆಯಲ್ಲಿ. ನೀರು ಹರಿಯಲೆಂದು ಅದರ ಹಿಂಬದಿಯ ಮುಚ್ಚಳವನ್ನು ಯಾವತ್ತೋ ಕಿತ್ತಿದ್ದರು. ಕೇಪಿನ ತೂತಿನಲ್ಲಿ ಹನ್ನೆರಡು ಮಳೆಗಾಲದ ಮಣ್ಣು ಸುಣ್ಣ ಕಲ್ಲಾಗಿತ್ತು. ವೀರಾಚಾರಿ ಗಾಡಿಯ ಹಳೆಯ ಬೋಲ್ಟೊಂದನ್ನು ಬಡಿದು ಮುಚ್ಚಳ ಮಾಡಿದ, ತೂತಿಗೆ ದಬ್ಬಳ ಚುಚ್ಚಿ, "ಆತು ಬಿಡ್ರಿ. ನೋಡಾಕೆ ತೂತಿದ್ದಂಗೈತಲ್ಲ, ಸಾಕು" ಎಂದ.

ಎರಡು ನಳಿಗೆ ಬೆಸೆದು, ಹಿತ್ತಾಳೆಯ ಪಟ್ಟಿ ಸುತ್ತಿ, ಗಂಗಕ್ಕನ ಹಿಡಿಗೆ ಕೂರಿಸಿ, ಕುದುರೆಗಳನ್ನು ಬಿಗಿದು, ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ವೀರಾಚಾರಿ ಎತ್ತಿ ಹಿಡಿದಾಗ ನಲವತ್ತು ಬಾಯಿಗಳೂ ಒಟ್ಟಿಗೆ ಮುಚ್ಚಿದವು. ಬಲದ ನಳಿಗೆಯ ಅರ್ಧ ಎಲೆ ಎಡದ ನಳಿಗೆಯ ಅರ್ಧ ಎಲೆಯನ್ನು ಹೋಗಿ ಸೇರಿತ್ತು. ಬಳ್ಳಿ ಒಂದರಿಂದ ಒಂದಕ್ಕೆ ಹಾದು, ಹಿಂಬದಿಯಿಂದ ಬಾಯಿಯ ತನಕ ಹಬ್ಬಿಕೊಂಡಿತ್ತು.

"ಅಪ್ಪನ ಕೈಯಾಗೆ ಹಿಂಗೇ ಇತ್ತು" ಎಂದ ಓಬಯ್ಯ, ಯಾರಿಗೂ ಅಲ್ಲದಂತೆ.

"ಹೂಂ" ಎಂದ ಉಗ್ರಪ್ಪ, ಅವನೂ ಯಾರಿಗೂ ಅಲ್ಲದಂತೆ.

ಏಕಾಂತಪ್ಪ ಕೋವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಎಣಿಸಿದ್ದಕ್ಕಿಂತ ಭಾರವಿತ್ತು. ಗಾಡಿಯ ಮೂಕಿಯ ಮೇಲೆ ಪಟ್ಟಿ ಇಟ್ಟುಕೊಂಡು ‘ಹಾಜರು’ ಎಂಬ ಮನೆಯಲ್ಲಿ ತನ್ನ ಜೀವಮಾನದ ಅತ್ಯಂತ ಸುಂದರವಾದ ಗುರುತನ್ನು ಹಾಕಿದ.

ನಾಲ್ಕಕ್ಕೆ ಸರಿಯಾಗಿ ಗಾಡಿ ಬಂಗಲೆಯ ಮುಂದೆ ನಿಂತಿತು. ಮುಂದೆ ಏಕಾಂತಪ್ಪ, ತೊಡೆಯ ಮೇಲೆ ಕೋವಿ. ಹಿಂದೆ ಗಂಗಕ್ಕ, ಬಸಮ್ಮ, ಅಣ್ಣ, ತಮ್ಮ. ಮುರುಗಪ್ಪ ಮೆಟ್ಟಿಲಲ್ಲೇ ಎದುರಾಗಿ, "ಕೋವಿ ತಾ ಅಂದ್ರೆ ದಿಬ್ಬಣ ತಂದೀಯಲ್ಲೋ!" ಎಂದು ಪಿಸುಗುಟ್ಟಿದರು.

ಸಾಹೇಬರು ಮೈಸೂರಿನ ಕಡೆಯವರು, ಮದರಾಸಿನಲ್ಲಿ ಕಾನೂನು ಓದಿದವರು. ಕೋವಿ ನೋಡಿದ್ದೇ ಕುರ್ಚಿಯಿಂದ ಎದ್ದರು. ಕನ್ನಡಕ ಏರಿಸಿ ಬಳ್ಳಿಯ ಮೇಲೆ ಬೆರಳಾಡಿಸಿದರು. "ಲಂಡನ್! ಎಂಥಾ ಕೆಲಸ! ಇಂಥದ್ದು ಇನ್ನು ನೋಡೋದೇ ಇಲ್ಲ ಅಂದುಕೊಂಡಿದ್ದೆ. ಎಲ್ಲಿತ್ತು ಇದು? ಯಾರು ಇಷ್ಟು ಜೋಪಾನ ಮಾಡಿದ್ದರು?"

ಇಲ್ಲಿ ಏಕಾಂತಪ್ಪ ಕೈಮುಗಿದು ಸುಮ್ಮನಿದ್ದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಇಡೀ ದಿನ ಕಂಡ ಅಚ್ಚರಿಯನ್ನು ತಿಳಿದವರೊಬ್ಬರಿಗೆ ಹೇಳದೆ ಇರುವುದು ಅವನ ಸ್ವಭಾವದಲ್ಲಿರಲಿಲ್ಲ. ಊದುಗೊಳವೆಯಿಂದ ಹಿಡಿದು ಗಾಡಿಯ ಬೋಲ್ಟಿನ ತನಕ ಒಂದನ್ನೂ ಬಿಡದೆ ವರದಿ ಒಪ್ಪಿಸಿದ. ನಂಬರು ಹಾಕಿದ ಚಿತ್ರವನ್ನೂ ಕೊಟ್ಟ. ಮುರುಗಪ್ಪ ಮೂರು ಸಲ ಕೆಮ್ಮಿದರು, ಒಂದು ಸಲ ಅವನ ಕಾಲು ತುಳಿದರು. ಏಕಾಂತಪ್ಪ ಕಾಲು ಆಚೆ ಇಟ್ಟುಕೊಂಡು ಮುಂದುವರಿಸಿದ.

ಸಾಹೇಬರ ಮುಖದಿಂದ ಕೋವಿಯ ಗೀಳು ಮೆಲ್ಲಗೆ ಇಳಿದು ಕಾನೂನಿನ ಗೀಳು ಏರಿತು.

"ಅಂದರೆ ಇವತ್ತು ಬೆಳಿಗ್ಗೆ ಈ ಕೋವಿ ಇರಲಿಲ್ಲ?"

"ಭಾಗಗಳು ಇದ್ದವು ಸ್ವಾಮಿ."

"ಈಗ ಇದೆ?"

"ಇದೆ ಸ್ವಾಮಿ."

"ಮಾಡಿಸಿದವರು ಯಾರು?"

"ನಾನೇ ಸ್ವಾಮಿ" ಎಂದ ಏಕಾಂತಪ್ಪ ಹೆಮ್ಮೆಯಿಂದ.

"ಕೋವಿ ತಯಾರಿಸಲು ಪರವಾನಗಿ ಇದೆಯೇ ನಿಮಗೆ?"

ಮುರುಗಪ್ಪ ನಡುವೆ ನುಗ್ಗಿದರು. "ಸ್ವಾಮಿ, ಅದು ಕೋವಿನೇ ಅಲ್ಲ, ಕೋವಿಯಂಥದ್ದು. ಬರೀ ಕಬ್ಬಿಣ, ಮರ. ಖಂಡಿತ ಹಾರಲ್ಲ."

"ಹಾರದಿದ್ದರೆ ಪಟ್ಟಿಯಲ್ಲಿ ‘ಹಾಜರು’ ಎಂದು ಬರೆದದ್ದು ಸುಳ್ಳು ದಾಖಲೆ" ಎಂದರು ಸಾಹೇಬರು. "ಹಾರಿದರೆ ಪರವಾನಗಿ ಇಲ್ಲದೆ ಆಯುಧ ತಯಾರಿಸಿದ್ದು. ಎರಡರಲ್ಲಿ ಯಾವುದು? ಹಾರುತ್ತದೆಯೇ ಏಕಾಂತಪ್ಪನವರೆ?"

"ಗೊತ್ತಿಲ್ಲ ಸ್ವಾಮಿ. ಪರೀಕ್ಷೆ ಮಾಡಿಲ್ಲ."

"ಹಾಗಾದರೆ ಮಾಡೋಣ."

ಕೋವಿಯನ್ನು ಗಾಡಿಯ ಚಕ್ರಕ್ಕೆ ಕಟ್ಟಿ, ಖಾಲಿ ಬಯಲಿನ ಕಡೆ ಬಾಯಿ ಮಾಡಿದರು. ಸಾಹೇಬರ ಪೆಟ್ಟಿಗೆಯಿಂದಲೇ ಮದ್ದು, ಕೇಪು ಬಂದವು. ಉಗ್ರಪ್ಪ ಸೊಂಟಕ್ಕೆ ಸುತ್ತಿಕೊಂಡು ಬಂದಿದ್ದ ಹಗ್ಗದಿಂದ ಎರಡು ಎಳೆ ಬಿಚ್ಚಿ, ಹಿಡಿಯ ಕೆಳಗೆ ಬೆರಳಿಂದ ಎಳೆಯುವ ಎರಡು ಕೊಕ್ಕೆಗಳಿಗೆ ಒಂದೊಂದು ಕಟ್ಟಿ, ಇಪ್ಪತ್ತು ಮಾರು ದೂರದಲ್ಲಿ ಏಕಾಂತಪ್ಪನ ಕೈಗೆ ಕೊಟ್ಟರು. ಯಾವುದನ್ನು ಬೇಡಿಕೊಳ್ಳಬೇಕೆಂದೇ ಅವನಿಗೆ ತಿಳಿಯಲಿಲ್ಲ. ಹಾರಿದರೂ ಕೆಟ್ಟ, ಹಾರದಿದ್ದರೂ ಕೆಟ್ಟ. ಲೋಕದಲ್ಲಿ ಇವೆರಡು ಬಿಟ್ಟು ಮೂರನೆಯದು ಇರಲು ಸಾಧ್ಯವೇ ಎಂದು ಅವನ ಮನಸ್ಸು ಆ ಗಳಿಗೆಯಲ್ಲೂ ಯೋಚಿಸುತ್ತಿತ್ತು.

ಹಿಂದೆ ನಿಂತವರಿಗೆ ಅಂಥ ಸಂದೇಹವೇನೂ ಇರಲಿಲ್ಲ.

"ನಮ್ಮದು ಹಾರ್ತೈತೆ ನೋಡು" ಎಂದಳು ಬಸಮ್ಮ. "ಹನ್ನೆರಡು ವರ್ಷ ಹಗಲೂ ರಾತ್ರಿ ಊದೀನಿ. ತೂತು ಕನ್ನಡಿ ಇದ್ದಂಗೈತೆ."

"ನಮ್ಮದು ಹಾರಿದ್ರೆ ನಿಮ್ಮ ಒಲಿ ಆರಿ ಹೋಗಬೇಕು, ಹಂಗೆ ಹಾರ್ತೈತೆ" ಎಂದ ಓಬಯ್ಯ.

"ಸುಮ್ಕಿರ್ರಲೇ. ನನ್ನ ಕೋಲು ಮುರೀದಿದ್ರೆ ಸಾಕು" ಎಂದಳು ಗಂಗಕ್ಕ.

ಏಕಾಂತಪ್ಪ ಕಣ್ಣು ಮುಚ್ಚಿ ಬಲದ ಎಳೆ ಜಗ್ಗಿದ.

ಢಂ ಎಂದ ಸದ್ದಿಗೆ ಊರ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಎತ್ತುಗಳು ಹಗ್ಗ ಕಿತ್ತವು. ಹೊಗೆ ಸರಿದಾಗ ಮುರುಗಪ್ಪ ಬಂಗಲೆಯ ಮೇಜಿನ ಕೆಳಗಿದ್ದರು. ಬಸಮ್ಮ ಊರು ಗೆದ್ದವಳಂತೆ ನಿಂತಿದ್ದಳು. ಏಕಾಂತಪ್ಪನ ಖಾಯಂ ಹುಕುಂ ಆ ಹೊಗೆಯ ಜೊತೆಗೇ ಬಯಲಿನ ಕಡೆ ಹೋಯಿತೆಂದು ಎಲ್ಲರಿಗೂ ಅನಿಸಿತು.

ಅವನು ಎಡದ ಎಳೆ ಜಗ್ಗಿದ. ಕುದುರೆ ಟಪ್ಪನೆ ಬಿತ್ತು. ಕೇಪು ಚಟ್ ಎಂದಿತು. ಅಷ್ಟೇ. ಹೊಸ ಕೇಪು ಇಟ್ಟು ಮತ್ತೆ ಜಗ್ಗಿದ. ಚಟ್. ಮೂರನೆಯ ಸಲವೂ ಚಟ್. ತೂತಿನೊಳಗಿನ ಸುಣ್ಣ ಬೆಂಕಿಯನ್ನು ಮದ್ದಿನ ತನಕ ಹೋಗಗೊಡಲಿಲ್ಲ. ಓಬಯ್ಯ ತಲೆ ತಗ್ಗಿಸಿದ. ಉಗ್ರಪ್ಪ ಮೀಸೆಯ ಮೇಲೆ ಕೈಯಿಟ್ಟ. ಆಮೇಲೆ ಏನನ್ನಿಸಿತೋ, ಕೈ ಇಳಿಸಿ, "ಮಳಿ ಬಂದಿದ್ರೆ ಹಾರ್ತಿತ್ತು ಬಿಡು" ಎಂದ.

ಏಕಾಂತಪ್ಪನ ಮುಖದ ಮೇಲೆ ನಿಧಾನವಾಗಿ ಬೆಳಕು ಬಂತು. ಹಾರಿಯೂ ಹಾರಿದೆ, ಹಾರದೆಯೂ ಇದೆ. ಮೂರನೆಯದು ಇತ್ತು! ಸಾಹೇಬರು ಹೇಳಿದ ಎರಡರಲ್ಲಿ ಒಂದೂ ಪೂರ್ತಿ ತನಗೆ ತಗಲುವುದಿಲ್ಲ. ಅವನು ಹೆಚ್ಚುಕಡಿಮೆ ಓಡುತ್ತಲೇ ಮೆಟ್ಟಿಲೇರಿದ.

ಸಾಹೇಬರು ಆಗಲೇ ಲೇಖನಿ ಅದ್ದಿದ್ದರು. "ನಿಮ್ಮ ರಿಜಿಸ್ಟರಿನ ಪ್ರಕಾರ, ಒಂದೇ ನಳಿಗೆಯಿಂದ ಹಾರುವುದಕ್ಕೆ ಏನೆನ್ನುತ್ತಾರೆ?"

"ಒಂಟಿ ಕೋವಿ, ಸ್ವಾಮಿ" ಎಂದ ಏಕಾಂತಪ್ಪ. ಸರಿಯಾದ ಉತ್ತರ ಗೊತ್ತಿದ್ದೂ ಹೇಳದೆ ಇರುವುದು ಅವನಿಂದ ಆಗುತ್ತಿರಲಿಲ್ಲ.

"ಪಟೇಲ ಎತ್ತಪ್ಪನ ಹೆಸರಿನಲ್ಲಿ ಒಂಟಿ ಕೋವಿ ಇದೆಯೇ?"

"ಇಲ್ಲ ಸ್ವಾಮಿ."

"ಯಾರ ಹೆಸರಿನಲ್ಲಾದರೂ ಇಂಥದ್ದು ಇದೆಯೇ?"

"ಇಲ್ಲ ಸ್ವಾಮಿ."

"ಸರಿ. ಅಂದರೆ ಇದು ಹೊಸ ಒಂಟಿ ಕೋವಿ. ಈ ದಿನ ಕೆಂಚನಹಟ್ಟಿಯಲ್ಲಿ, ಪರವಾನಗಿ ಇಲ್ಲದೆ, ನೀವು ತಯಾರಿಸಿದ್ದು. ಕೋವಿಯನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿದ್ದೇನೆ. ಎಂಟು ದಿನದಲ್ಲಿ ಸಮಜಾಯಿಷಿ ಬರೆದುಕೊಡಿ." ಅವರು ಪಟ್ಟಿಯನ್ನು ಹತ್ತಿರ ಎಳೆದುಕೊಂಡು, ಏಕಾಂತಪ್ಪನ ಸುಂದರವಾದ ಗುರುತಿನ ಮೇಲೆ ಅಡ್ಡಗೆರೆ ಎಳೆದರು. "ಇನ್ನು ಹದಿನೇಳನೇ ನಂಬರಿನ ಜೋಡು ಕೋವಿ. ಅದು ಹಾಜರಿಲ್ಲ, ಮಾರಿದ ದಾಖಲೆ ಇಲ್ಲ, ನಷ್ಟವಾದ ದಾಖಲೆಯೂ ಇಲ್ಲ. ಅದನ್ನು ನೀವು ಹುಡುಕಲೇ ಇಲ್ಲ. ನಾಳೆ ಬೆಳಿಗ್ಗೆಯಿಂದ ಹುಡುಕಿ."

ಖಾಯಂ ಹುಕುಂ ಮತ್ತೆ ಪೆಟ್ಟಿಗೆಗೆ ಹೋಯಿತು. ಪೆಟ್ಟಿಗೆಯ ಬೀಗ, ಏಕಾಂತಪ್ಪ ಆ ದಿನ ಕಂಡ ಎಲ್ಲ ಕಬ್ಬಿಣಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಅವನು ಹೊರಗೆ ಬಂದಾಗ ಹೊತ್ತು ಇಳಿದಿತ್ತು. ಗಾಡಿಯಲ್ಲಿ ನಾಲ್ವರೂ ಹತ್ತಿ ಕುಳಿತಿದ್ದರು. ಜಾಗ ಸಾಲದೆ ಅಣ್ಣತಮ್ಮ ಒಬ್ಬರಿಗೊಬ್ಬರು ಒತ್ತಿಕೊಂಡಿದ್ದರು.

"ಏನಂದ್ರು ಸ್ವಾಮಿ?" ಎಂದು ಕೇಳಿದ ಓಬಯ್ಯ.

"ಇದು ಜೋಡು ಕೋವಿನೇ ಅಲ್ಲಂತೆ, ಒಂಟಿ ಅಂತೆ, ಸರ್ಕಾರಕ್ಕೆ ಹೋತು. ಜೋಡು ಕೋವಿ ಹುಡುಕಬೇಕಂತೆ. ನಾಳಿಕೆ ಮತ್ತೆ ನಿಮ್ಮೂರಿಗೇ ಬರಬೇಕಲ್ಲಪ್ಪ."

ಉಗ್ರಪ್ಪ ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ. ಆಮೇಲೆ ಉಗ್ರಪ್ಪನೇ ಬಹಳ ಮರ್ಯಾದೆಯಿಂದ ಹೇಳಿದ:

"ನಮ್ಮೂರಿಗೆ ಬಂದು ಏನು ಮಾಡ್ತೀರಿ ಗುಮಾಸ್ತರೆ? ನಮ್ಮಪ್ಪನತ್ರ ಅಂಥ ಕೋವಿ ಇರಲೇ ಇಲ್ಲ ಅಂತ ಸಾಹೇಬ್ರೇ ಪರೀಕ್ಷೆ ಮಾಡಿ ನೋಡ್ಯಾರೆ. ಬ್ಯಾರೆ ಊರಾಗೆ ಹುಡುಕ್ರಿ."